ಒಳಮನೆ ಯಜಮಾನಿಯಾದ ಮೊಮ್ಮಗ

ಅಜ್ಜಿ: ಇನ್ನೊಂದ್ಸಲ ಓದು. ನನ್ನ ಕಿವಿ ಸರಿಯಾಗೇ ಇದೆ, ನಿನ್ನ ಬಾಯಿ ಮೇಲೇ ನಂಗೆ ಅನುಮಾನ.

ಬೇ: ಎಷ್ಟ್ ಸಲ ಓದ್ಲಿ ಅಜ್ಜಿ? 'ನಮ್ಮ ಗುನ್ಸಾನ್ ಊರಿನ ಹುಡುಗ ಗ್ಯೋರೆ ಅಮೆರಿಕದಲ್ಲಿ ಒಳಮನೆ ಯಜಮಾನಿಯ ಪಟ್ಟಕ್ಕೇರಿದ್ದಾನೆ.'

ಅಜ್ಜಿ: ಯಾರ ಮನೆಗೆ?

ಬೇ: ಮನೆಗಲ್ಲ, ತಂಡಕ್ಕೆ.

ಅಜ್ಜಿ: ಇಡೀ ತಂಡಕ್ಕಾ! ಅಯ್ಯೋ ನನ್ನ ಕರ್ಮವೇ!

ಮೂಲಂಗಿ ಹೆಚ್ಚುತ್ತಿದ್ದ ಮಕ್‌ಸುನ್ ಅಜ್ಜಿಯ ಚಾಕು ಅರ್ಧಕ್ಕೇ ನಿಂತಿತು. ಪತ್ರಿಕೆ ಹಿಡಿದಿದ್ದವನು ಪಕ್ಕದ ಕ್ಷೌರದಂಗಡಿಯ ಬೇ. ತಲೆಗಳಿಗಿಂತ ಬೇಸ್‌ಬಾಲ್ ಮೇಲೆಯೇ ಅವನಿಗೆ ಹೆಚ್ಚು ಗಮನ. ಮನೆಯವರದೇ ನೂಡಲ್ಸ್ ಅಂಗಡಿಯ ಒಲೆಯ ಮುಂದೆ ಕಪ್ಪೆಚಿಪ್ಪಿನ ಸಾರು ತಿರುವುತ್ತಿದ್ದವನು ಅಜ್ಜಿಯ ಮಗ, ಗ್ಯೋರೆಯ ಅಪ್ಪ ಪಿಲ್ಸು. ಬೇಸ್‌ಬಾಲ್‌ನಲ್ಲಿ ಗ್ಯೋರೆಯಂತೆ ಚೆಂಡು ಹಿಡಿಯುವ ಕ್ಯಾಚರನನ್ನು ನಮ್ಮ ಪತ್ರಿಕೆಯವರು ಒಳಮನೆ ಯಜಮಾನಿ ಎಂದೇ ಬರೆಯುವುದು. ಬೀದಿಗೆಲ್ಲ ಗೊತ್ತಿರುವ ಈ ಮಾತು ಅಜ್ಜಿಗೊಬ್ಬರಿಗೇ ಗೊತ್ತಿಲ್ಲ. ಮೊಮ್ಮಗನಿಗೆ ಚೆಂಡಿನ ಏಟು ಬೀಳುವುದನ್ನು ನೋಡಲಾರೆ ಎಂದು ಅವರು ಇಷ್ಟು ವರ್ಷದಲ್ಲಿ ಒಂದು ಆಟವನ್ನೂ ನೋಡಿರಲಿಲ್ಲ.

ಪಿಲ್ಸು: ಅಮ್ಮಾ, ಅದು ಬರೀ ಮಾತು. ಚೆಂಡು ಎಸೆಯೋ ಪಿಚರ್ ಗಂಡ ಇದ್ದಂಗೆ, ಹಿಡಿಯೋ ಕ್ಯಾಚರ್ ಹೆಂಡ್ತಿ ಇದ್ದಂಗೆ.

ಅಜ್ಜಿ: ಎಸೆಯೋರು ಎಷ್ಟು ಜನ?

ಪಿಲ್ಸು: ಹದಿಮೂರು.

ಅಜ್ಜಿ: ಹದಿಮೂರು ಗಂಡಂದಿರಾ! ನಿಮ್ಮಪ್ಪ ಒಬ್ಬನನ್ನ ಸಂಭಾಳಿಸೋಷ್ಟರಲ್ಲೇ ನನ್ನ ಸೊಂಟ ಬಿದ್ದುಹೋಯ್ತು.

ಬೇ: ಹೆಮ್ಮೆ ಪಡಿ ಅಜ್ಜಿ. ನಿನ್ನೆ ಒಂದೇ ಆಟದಲ್ಲಿ ಮೂರು ಜನ ಕಳ್ಳರನ್ನ ಹಿಡಿದಿದಾನೆ.

ಅಜ್ಜಿ: ಕಳ್ಳರು ಬೇರೆ ಬರ್ತಾರಾ ಅಲ್ಲಿ! ಕಾಯೋರು ಯಾರೂ ಇಲ್ವಾ?

ಬೇ: ಅಂಪೈರ್ ಬೆನ್ನ ಹಿಂದೇನೇ ನಿಂತಿದ್ದ.

ಅಜ್ಜಿ: ನಿಂತ್ಕೊಂಡು ನೋಡ್ತಿದ್ನಾ? ಅವನೂ ಪಾಲುದಾರ ಕಣೋ!

ಪಿಲ್ಸು: ಅಯ್ಯೋ, ಅದು ಆಟದ ಕಳ್ಳತನ ಅಮ್ಮಾ. ಎದುರು ತಂಡದೋರು ಮುಂದಿನ ಬೇಸ್‌ಗೆ ಕದ್ದು ಓಡ್ತಾರೆ, ಇವನು ಚೆಂಡು ಎಸೆದು ತಡೀತಾನೆ.

ಅಜ್ಜಿ: ನಂಗೇನೂ ಹೇಳ್ಬೇಡ. ಮಗೂನ ವಾಪಸ್ ಕರೆಸು. ಇವತ್ತೇ!

ಪಿಲ್ಸು: ಈಗ ತಾನೇ ಕಾಲೂರ್ತಿದಾನೆ! ಕರೆಸಿದ್ರೆ ಅವನ ಬಾಳೇ ಹಾಳಾಗುತ್ತೆ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಅಲ್ಲಿ ಭಾನುವಾರದ ಆಟ ಮುಗಿದ ಮೇಲೆ, ಗ್ಯೋರೆ ವಿಡಿಯೋ ಕಾಲ್ ಮಾಡುತ್ತಾನೆ. ಪಿಲ್ಸು ಕೈ ಒರೆಸಿಕೊಂಡು ಫೋನನ್ನು ಸಾಸ್ ಬಾಟಲಿಗೆ ಒರಗಿಸಿದ.

ಪಿಲ್ಸು: ಏನಪ್ಪಾ ಯಜಮಾನಿ! ಪೇಪರ್‌ನಲ್ಲೆಲ್ಲ ನಿಂದೇ ಸುದ್ದಿ!

ಗ್ಯೋರೆ: ಅಪ್ಪಾ, ನಾನು ವಾಪಸ್ ಬಂದ್ಬಿಡ್ತೀನಿ.

ಬೇ ಪತ್ರಿಕೆಯನ್ನು ಸದ್ದಿಲ್ಲದೆ ಮಡಚಿದ.

ಗ್ಯೋರೆ: ಮೊದಲಿನ ಕ್ಯಾಚರ್ ಬೆರಳು ಮುರೀತು, ಅದಕ್ಕೆ ನಂಗೆ ಜಾಗ ಸಿಕ್ತು. ಅಷ್ಟೇ. ಚೆಂಡು ಹೆಂಗೆ ಎಸೀಬೇಕು ಅಂತ ನಾನು ಮಾಡೋ ಸನ್ನೇನ ಪಿಚರ್‌ಗಳು ಕೇಳೋದೇ ಇಲ್ಲ. ಅರ್ಧ ಜನ ಇಂಗ್ಲಿಷ್, ಅರ್ಧ ಜನ ಸ್ಪ್ಯಾನಿಷ್. ನಾನು ಬಾಯಿ ಬಿಟ್ರೆ ಎಲ್ರೂ ಒಂದೇ ಭಾಷೇಲಿ ನಗ್ತಾರೆ.

ಅಜ್ಜಿ ಮೂಲಂಗಿ ಹೆಚ್ಚುತ್ತಿದ್ದ ಕೈಯಲ್ಲೇ ಫೋನು ಕಿತ್ತುಕೊಂಡರು.

ಅಜ್ಜಿ: ಲೋ, ಆಟದಲ್ಲಿ ಎಲ್ಲಿ ಕೂರ್ತೀಯ ನೀನು?

ಗ್ಯೋರೆ: ಬ್ಯಾಟ್ ಹಿಡಿದೋನ ಹಿಂದೆ, ಅಜ್ಜಿ. ಕುಕ್ಕರುಗಾಲಲ್ಲಿ.

ಅಜ್ಜಿ: ನಿನ್ನ ಕಡೆಯೋರು ಎತ್ತ ಮುಖ ಮಾಡಿರ್ತಾರೆ?

ಗ್ಯೋರೆ: ಎಲ್ರೂ ನನ್ನ ಕಡೆ. ನಾನೊಬ್ನೇ ಅವರ ಕಡೆ.

ಅಜ್ಜಿ: ಒಲೆ ಮುಂದೆ ನಾನೂ ಹಂಗೇ ಕೂತಿದ್ದೆ ಕಣೋ! ಹತ್ತೊಂಬತ್ತಕ್ಕೆ ಈ ಮನೆಗೆ ಬಂದೆ. ದ್ವೀಪದ ಹುಡುಗಿ, ಮಾತಾಡಿದ್ರೆ ಎಲ್ರೂ ನಗೋರು. ಬಾಯಿ ಮುಚ್ಕೊಂಡು ಒಬ್ಬೊಬ್ಬರನ್ನೇ ನೋಡ್ದೆ. ಮಾವನ ಎಡ ಹುಬ್ಬು ಏರಿದ್ರೆ ಕೋಪ, ಮೈದುನ ಸುಮ್ನಿದ್ರೆ ಹಸಿವು. ಮೂರನೇ ವರ್ಷಕ್ಕೆ ಅತ್ತೆ ಉಗ್ರಾಣದ ಬೀಗದ ಕೈ ತಂದು ನನ್ನ ಕೈಗಿಟ್ರು. ಈಗ ಹೇಳು, ನಿನ್ನ ಹದಿಮೂರರಲ್ಲಿ ಯಾರು ಹೆದರಿದ್ರೆ ಏನ್ಮಾಡ್ತಾರೆ?

ಗ್ಯೋರೆ: ಒಬ್ಬ ಎಡಗೈಯೋನು ಇದಾನೆ, ಹೆದರಿದ್ರೆ ಮೂರ್ಸಲ ಟೋಪಿ ಮುಟ್ಕೋತಾನೆ.

ಅಜ್ಜಿ: ಆಗ ನೀನು?

ಗ್ಯೋರೆ: ಬೆರಳಲ್ಲಿ ಸನ್ನೆ ಮಾಡ್ತೀನಿ. ಅವನು ಬೇಡ ಅಂತ ತಲೆ ಅಲ್ಲಾಡಿಸ್ತಾನೆ.

ಅಜ್ಜಿ: ಹೆದರಿದ ಗಂಡಸಿಗೆ ದೂರದಿಂದ ಹುಕುಂ ಮಾಡಿದ್ರೆ ಕೇಳ್ತಾನಾ? ಎದ್ದು ಅವನ ಹತ್ರ ಹೋಗು. ಚೆಂಡು ಒರೆಸಿ ಕೈಗಿಡು, ಬೆನ್ನು ತಟ್ಟು, ಬಂದು ಕೂರು. ಇದಕ್ಕೆ ಯಾವ ಭಾಷೆ ಬೇಕೋ?

ಗ್ಯೋರೆ ನಕ್ಕುಬಿಟ್ಟ.

ಗ್ಯೋರೆ: ಎರಡು ತಿಂಗಳಿಂದ ಕೋಚ್ ಇದನ್ನೇ ಹೇಳ್ತಿದ್ರು ಅನ್ಸುತ್ತೆ. ಈಗ ಅರ್ಥ ಆಯ್ತು.

ಅಜ್ಜಿ: ಬೀಗದ ಕೈ ಸಿಗೋವರೆಗೂ ತವರಿನ ಕಡೆ ತಲೆ ಹಾಕ್ಬೇಡ. ಇಡು ಫೋನು.

ಫೋನು ಇಟ್ಟಿದ್ದೇ ತಡ, ಒಲೆಯ ಹಿಂದಿನಿಂದ ಮೂಗು ಸೀಟುವ ಸದ್ದು ಕೇಳಿತು.

ಪಿಲ್ಸು: ಬರ್ಲಿ ಬಿಡಮ್ಮಾ. ವಿಡಿಯೋದಲ್ಲಿ ಅವನ ಹೆಬ್ಬೆರಳು ಹೆಂಗೆ ಊದಿತ್ತು, ನೋಡಿದ್ಯಾ?

ಅಜ್ಜಿ: ನೋಡ್ದೆ. ಹೊಟ್ಟೆ ಉರೀತು. ನಿಂದೇನೋ ಇದು? ಬಾಳು ಹಾಳಾಗುತ್ತೆ ಅಂದೋನು ನೀನೇ ಅಲ್ವಾ? ಸಾರು ಸೀಯ್ತಿದೆ, ತಿರುವು!

ಪಿಲ್ಸು ಕಣ್ಣೊರೆಸಿಕೊಂಡು ಸೌಟು ಹಿಡಿದ. ಅಜ್ಜಿ ತಮ್ಮ ಏಪ್ರನ್ನಿನಲ್ಲೇ ಮೆಲ್ಲಗೆ ಕಣ್ಣೊತ್ತಿಕೊಂಡು, ಕುರ್ಚಿಯನ್ನು ದರದರನೆ ಟಿವಿಯ ಮುಂದೆ ಎಳೆದರು.

ಅಜ್ಜಿ: ಬೇ, ಮುಂದಿನ ಆಟ ಎಷ್ಟೊತ್ತಿಗೆ?

ಬೇ: ನೀವು ನೋಡ್ತೀರಾ? ಏಟು ಬೀಳೋದು ನೋಡಕ್ಕಾಗಲ್ಲ ಅಂತಿದ್ರಿ!

ಅಜ್ಜಿ: ಕಣ್ಣು ಮುಚ್ಕೊಂಡಾದ್ರೂ ಕೂರ್ತೀನಿ ಕಣೋ. ಹದಿಮೂರು ಜನ ಅಳಿಯಂದಿರನ್ನ ಮುಖ ನೋಡ್ದೇನೇ ಒಪ್ಕೊಳ್ಳಕ್ಕಾಗುತ್ತಾ?