ಸದ್ದಿಲ್ಲದ ಏಸಿ

ಮೆರ್ವಿನ್ ಟಕ್‌ವೆಲ್‌ನ ತಾಪತ್ರಯಕ್ಕೆಲ್ಲ ಮೂಲ ಅವನ ಬಾಲ್ಕನಿಯಲ್ಲಿ ಕೂತಿದ್ದ ಹಳೆಯ ಏಸಿ. ಅದು ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುತ್ತಿತ್ತು, ಚಳಿಗಾಲದಲ್ಲಿ ಬೆಚ್ಚಗಿಡುತ್ತಿತ್ತು, ಎರಡೂ ಕಾಲದಲ್ಲಿ ಒಳಗೆ ಯಾರೋ ಕಲ್ಲು ಹುರಿಯುತ್ತಿರುವಂತೆ ಸದ್ದು ಮಾಡುತ್ತಿತ್ತು. ಕರೆಂಟು ನುಂಗುವುದರಲ್ಲಿ ಬಕಾಸುರ. ಗುಂಡಿ ಒತ್ತಿ ನಿಲ್ಲಿಸಿದರೂ ಮನಸ್ಸು ಬಂದಾಗ ತಾನೇ ಶುರುವಾಗುತ್ತಿತ್ತು. ಮೆಲ್ಬರ್ನ್‌ನ ಬೀದಿಗಳಲ್ಲಿ ಆಯುಷ್ಯವೆಲ್ಲ ಟ್ರಾಮ್ ಓಡಿಸಿದ್ದ ಮೆರ್ವಿನ್‌ಗೆ ಅದೇನು ದೊಡ್ಡ ಸದ್ದಲ್ಲ.

ಆದರೆ ಕೆಳಗಿನ ಮನೆಯ ರೊವೀನಾಗೆ ಅದು ದೊಡ್ಡ ಸದ್ದೇ. ಬುಧವಾರ ಒಂದು ಸಲ, ಶನಿವಾರ ಒಂದು ಸಲ ಆಕೆ ಮೇಲೆ ಬಂದು ಬಾಗಿಲು ತಟ್ಟುತ್ತಿದ್ದಳು.

"ಮೆರ್ವಿನ್, ಅದನ್ನ ಸ್ವಲ್ಪ ಹೊತ್ತು ನಿಲ್ಲಿಸ್ತೀರಾ?"

ಅವನು ನಿಲ್ಲಿಸಿ, ಟೀ ಕುಡಿಯುತ್ತೀರಾ ಎಂದು ಕೇಳುತ್ತಿದ್ದ. ಜಗಳಕ್ಕೆಂದು ಬಂದವಳು ಕೂತು ನಿಧಾನವಾಗಿ ಟೀ ಕುಡಿದು ಹೋಗುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಮೆರ್ವಿನ್‌ನ ಮನೆಯಲ್ಲಿ ಎರಡನೇ ಕಪ್ಪು ಹೊರಬರುತ್ತಿದ್ದದ್ದು ಆಗ ಮಾತ್ರ. ಆಕೆ ಹೋದ ಮೇಲೆ ಆ ಕಪ್ಪು ತೊಳೆಯಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ. ಅರವತ್ತು ದಾಟಿದವನಿಗೆ ಇದೇನು ಹುಚ್ಚು ಎಂದು ತನ್ನನ್ನೇ ಬೈದುಕೊಂಡ. ಆಸೆ ಬೈಗುಳಕ್ಕೆ ಬಗ್ಗುತ್ತದೆಯೇ?

ಇದು ಪಕ್ಕದ ಮನೆಯ ಸ್ಪಿರೊಗೆ ಗೊತ್ತಿತ್ತು. "ಇಷ್ಟಪಟ್ಟ ಹೆಂಗಸಿನ ತಲೆ ಮೇಲೆ ಇಂಥದ್ದು ಓಡಿಸ್ತಾರೇನಯ್ಯಾ? ಸದ್ದಿಲ್ಲದ ಏಸಿ ಬಂದಿದೆ, ಕರೆಂಟೂ ಅರ್ಧ ಸಾಕು. ಅದನ್ನ ಹಾಕ್ಸು. ಸಂಜೆ ಅವಳನ್ನ ಊಟಕ್ಕೆ ಕರೆದು ಮನಸ್ಸಲ್ಲಿರೋದು ಹೇಳ್ಬಿಡು" ಎಂದ.

ಶನಿವಾರ ಬೆಳಿಗ್ಗೆ ಹೊಸ ಏಸಿ ಬಂತು. ಉತ್ತರದ ಮರುಭೂಮಿಯಿಂದ ಬಿಸಿಗಾಳಿ ಬೀಸಿ ಊರೆಲ್ಲ ಕಾದ ಬಾಣಲೆಯಾಗಿತ್ತು. ಲಿಫ್ಟಿನ ಬಾಗಿಲಿಗೆ ಅಡ್ಡವಾಗಿ ಕಟ್ಟಡ ಸಮಿತಿಯ ಅಧ್ಯಕ್ಷೆ ಬೆರಿಲ್ ನಿಂತಿದ್ದಳು.

"ಲಿಫ್ಟ್ ಬುಕ್ ಮಾಡಿದ್ದೀರಾ?"

"ಒಂದು ಪೆಟ್ಟಿಗೆ ಅಷ್ಟೇ, ಬೆರಿಲ್."

"ಪೆಟ್ಟಿಗೆ ಆದ್ರೂ ಸಾಮಾನೇ. ಸಾಮಾನಿಗೆ ಬುಕ್ ಮಾಡ್ಬೇಕು, ಗೀರು ಬೀಳದ ಹಾಗೆ ಲಿಫ್ಟಿನ ಗೋಡೆಗೆ ಕಂಬಳಿ ಹೊದಿಸ್ಬೇಕು. ಗುರುವಾರ ಖಾಲಿ ಇದೆ."

"ಗುರುವಾರ ನಂಗೆ ಜೀಲಾಂಗ್ ಊರಲ್ಲಿ ಕೆಲಸ ಇದೆಯಪ್ಪ" ಎಂದ ಏಸಿ ಕೂರಿಸಲು ಬಂದಿದ್ದ ಟುವಾನ್.

ಮೆಟ್ಟಿಲೇ ಗತಿಯಾಯಿತು. ಮೆರ್ವಿನ್‌ನ ಮನೆ ಹದಿನಾಲ್ಕನೇ ಮಹಡಿಯಲ್ಲಿ. ಅವನೂ ಟುವಾನನೂ ಏಸಿ ಹೊತ್ತರು, ಸ್ಪಿರೊ ಸಲಹೆ ಹೊತ್ತ. ಮೆರ್ವಿನ್‌ನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ ಹೊತ್ತಿಗೆ ಹದಿಮೂರನೇ ಮಹಡಿಯಲ್ಲಿ ರೊವೀನಾ ಎದುರಾದಳು.

"ಹೊಸದಾ? ಸದ್ದೇ ಇಲ್ವಾ? ನಿಜವಾಗ್ಲೂ?"

ಆಕೆಯ ಕಣ್ಣು ಅರಳಿದ ಪರಿ ನೋಡಿ ಮೆರ್ವಿನ್ ಕೊನೆಯ ಮಹಡಿಯನ್ನು ಹೇಗೆ ಹತ್ತಿದನೋ ಅವನಿಗೇ ತಿಳಿಯಲಿಲ್ಲ.

ಮೇಲೆ, ಲಿಫ್ಟಿನಲ್ಲಿ ಹಾಯಾಗಿ ಬಂದಿದ್ದ ಬೆರಿಲ್ ಕಾದಿದ್ದಳು. "ಬಾಲ್ಕನಿಯಲ್ಲಿ ಬಿಳಿ ಪೆಟ್ಟಿಗೆ ಕೂಡದು, ಬೀದಿಗೆ ಕಾಣುತ್ತೆ."

"ಹಳೇದೂ ಬಿಳೀನೇ ಅಲ್ವಾ?"

"ಅದು ನಿಯಮಕ್ಕಿಂತ ಮುಂಚೆ ಬಂದಿದ್ದು." ಬೆರಿಲ್ ದನಿ ತಗ್ಗಿಸಿದಳು. "ಈ ವರ್ಷ ಕಸದ ಕೋಣೆ ನೋಡ್ಕೊಳ್ಳೋಕೆ ಯಾರೂ ಒಪ್ತಿಲ್ಲ, ಮೆರ್ವಿನ್. ನೀವು ಒಪ್ಪಿದ್ರೆ ಸಮಿತಿಗೆ ಈ ಪೆಟ್ಟಿಗೆ ಕಾಣದೇ ಇರ್ಬೋದು."

ಅವನು ಒಪ್ಪಿದ. ಹಳೆಯ ಏಸಿಯನ್ನು ಕಳಚುವಾಗ ಅದರ ಹೊಟ್ಟೆಯ ಕಪ್ಪು ನೀರೆಲ್ಲ, ಸಂಜೆಗೆಂದು ಇಸ್ತ್ರಿ ಮಾಡಿ ನೇತುಹಾಕಿದ್ದ ಅಂಗಿಯ ಮೇಲೆ ಬಿತ್ತು. ಅದನ್ನೂ ಸಹಿಸಿದ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. "ಶುರು ಮಾಡಪ್ಪ" ಎಂದ ಮೆರ್ವಿನ್. "ಶುರುವಾಗಿ ಆಗ್ಲೇ ಎಷ್ಟೊತ್ತಾಯ್ತು" ಎಂದ ಟುವಾನ್. ಕೈಯೊಡ್ಡಿದರೆ ತಣ್ಣನೆ ಗಾಳಿ ಬರುತ್ತಿತ್ತು, ಸದ್ದು ಮಾತ್ರ ಇಲ್ಲ.

ಮೆರ್ವಿನ್ ಕುರಿಮಾಂಸ ಹುರಿದು, ಎರಡು ತಟ್ಟೆ ಇಟ್ಟು, ಆಕೆ ಎಂದಿನಂತೆ ಬಂದಾಗಲೇ ಊಟಕ್ಕೆ ಕರೆಯೋಣವೆಂದು ಕಾದ. ಶನಿವಾರದ ಮಾಮೂಲಿ ಹೊತ್ತು ದಾಟಿತು. ಬಾಗಿಲು ತಟ್ಟಲು ಆಕೆಗೀಗ ನೆಪವೇ ಇಲ್ಲವಲ್ಲ ಎಂದು ಆಗ ಅವನಿಗೆ ಹೊಳೆಯಿತು. ತಾನೇ ಇಳಿದು ಹೋಗೋಣವೆಂದು ಚಪ್ಪಲಿ ಮೆಟ್ಟುತ್ತಿದ್ದಂತೆ ಬಾಗಿಲು ತಟ್ಟಿದ ಸದ್ದಾಯಿತು. ರೊವೀನಾಳೇ. ಕೈಯಲ್ಲಿ ವೈನ್ ಬಾಟಲಿ.

"ನೀವು ಮಾಡಿದ ಉಪಕಾರ ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತಿಲ್ಲ" ಎಂದು ಆಕೆ ಅವನ ಕೈ ಹಿಡಿದುಕೊಂಡಳು.

"ರೊವೀನಾ, ನಾನೂ ಒಂದು ಮಾತು..."

"ಮೊದ್ಲು ನಂದು ಕೇಳಿ. ಎರಡು ವರ್ಷದಿಂದ ಮನೆ ಮಾರೋಕೆ ಒದ್ದಾಡ್ತಿದ್ದೆ. ಬೆರಿಲ್‌ಗೆ ತಿಳಿದ್ರೆ ಊರಿಗೇ ತಿಳಿಯುತ್ತೆ ಅಂತ ಯಾರಿಗೂ ಹೇಳಿರ್ಲಿಲ್ಲ. ಬುಧವಾರ, ಶನಿವಾರ ದಲ್ಲಾಳಿ ಜನ ಕರ್ಕೊಂಡು ಬರೋರು. ಅವರು ಮನೆ ನೋಡೋವಾಗ ನಾನು ಅಲ್ಲಿರಬಾರದು ನೋಡಿ, ಪುಣ್ಯಕ್ಕೆ ನಿಮ್ಮಲ್ಲಿ ಟೀ ಸಿಗ್ತಿತ್ತು. ಆದ್ರೆ ಅಷ್ಟರಲ್ಲಿ ನಿಮ್ಮ ಏಸಿ ಮತ್ತೆ ಗುರ್ ಅನ್ನೋದು, ಅವರು ಓಡಿಹೋಗೋರು. ಇವತ್ತು ನಾನು ಮೇಲೆ ಹೊರಡೋ ಮೊದ್ಲೇ ಬಂದ ಗಂಡ ಹೆಂಡತಿ ಬಾಲ್ಕನಿಯಲ್ಲಿ ಕಣ್ಮುಚ್ಚಿ ನಿಂತಿದ್ದು, ಅಲ್ಲೇ ಸಹಿ ಹಾಕಿದ್ರು." ಆಕೆಯ ಕೆನ್ನೆ ಕೆಂಪಾಯಿತು. "ಹೋಬಾರ್ಟ್ ಊರಲ್ಲಿ ಒಬ್ರು ಇಷ್ಟು ದಿನದಿಂದ ನನ್ನ ದಾರಿ ಕಾಯ್ತಿದ್ದಾರೆ. ಇನ್ನು ಕಾಯಿಸ್ಬೇಕಾಗಿಲ್ಲ."

 ಅವಳ ಕೈಯಲ್ಲಿದ್ದ ತನ್ನ ಕೈಯನ್ನು ಬಿಡಿಸಿಕೊಳ್ಳಲೂ ಮೆರ್ವಿನ್‌ಗೆ ತೋಚಲಿಲ್ಲ.

"ನೀವೇನೋ ಹೇಳ್ಬೇಕು ಅಂದ್ರಲ್ಲ?"

"ಏನಿಲ್ಲ. ಒಳಗೆ ಬನ್ನಿ, ಒಂದು ಟೀ ಕುಡಿದು ಹೋಗಿ."

ಬಾಟಲಿಯನ್ನು ಅವನ ಕೈಗಿತ್ತು, ಆಗಲೇ ಮೆಟ್ಟಿಲ ಕಡೆ ತಿರುಗಿದ್ದ ರೊವೀನಾ ನಕ್ಕಳು.

"ಈಗ್ಯಾಕೆ ಟೀ, ಮೆರ್ವಿನ್? ಇನ್ನು ಮನೆ ನೋಡೋಕೆ ಯಾರೂ ಬರಲ್ಲ."