ಗಂಟಿಲ್ಲದ ನಂಟು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಕಿರುಬೆರಳಿನಷ್ಟುದ್ದದ ಒಂದು ತಿರುಪು. ಅದು ಸಡಿಲವಾಗಿದೆ ಎಂದು ಲಿಫ್ಟ್ ಮೆಕ್ಯಾನಿಕ್‌ಗೆ ಹೋದ ಶನಿವಾರವೇ ಗೊತ್ತಿತ್ತು. ಬಿಗಿ ಮಾಡಲು ಐದು ನಿಮಿಷ ಸಾಕಿತ್ತು. ಆದರೆ ನಾಲ್ಕನೆಯ ಮಹಡಿಯಲ್ಲಿ ಹಲ್ಲಿನ ಡಾಕ್ಟರು ಕಾಯುತ್ತಿದ್ದಳು. ಐದು ನಿಮಿಷ ಯಾರ ಹತ್ತಿರವಿತ್ತು?

ಅವರಿಬ್ಬರದು ಎಂಟು ತಿಂಗಳ ಒಡನಾಟ. ಷರತ್ತು ಹಾಕಿದವನು ಅವನೇ. ಎಲ್ಲಿಗೆ ಹೋಗಿದ್ದೆ, ಯಾರ ಜೊತೆಗಿದ್ದೆ ಎಂದು ಕೇಳಬಾರದು. ನಾಳೆಯ ಮಾತು ಎತ್ತಲೇಬಾರದು. “ನಂಟು ಸಾಕು, ಗಂಟು ಬೇಡ” ಎಂದು ಅವನೆಂದಾಗ ಅವಳು ಬಿದ್ದು ಬಿದ್ದು ನಕ್ಕು ಒಪ್ಪಿಕೊಂಡಿದ್ದಳು. ನೆರೆಹೊರೆಯವರ ಕಣ್ಣಿಗೆ ಮಣ್ಣೆರಚಲು ಪ್ರತಿ ಶನಿವಾರ ಅವನು ಸ್ಪ್ಯಾನರ್ ಹಿಡಿದೇ ಬರುತ್ತಿದ್ದ.

ಬುಧವಾರ ಬೆಳಿಗ್ಗೆ ತಿರುಪು ಕಳಚಿಬಿತ್ತು. ಮೂರು ಮತ್ತು ನಾಲ್ಕನೆಯ ಮಹಡಿಗಳ ನಡುವೆ ಲಿಫ್ಟು ಗಂಟಲಿಗೆ ಸಿಕ್ಕ ಮುಳ್ಳಿನಂತೆ ನಿಂತಿತು.

ಅವನು ಓಡಿಬಂದಾಗ ಮೂರನೆಯ ಮಹಡಿಯಲ್ಲಿ ಸಂತೆಯೇ ನೆರೆದಿತ್ತು. “ಏನಯ್ಯಾ, ವಾರವಾರ ಬಂದು ಗಂಟೆಗಟ್ಟಲೆ ಅದೇನು ಚೆಕ್ ಮಾಡ್ತೀಯ?” ಎಂದು ಕಟ್ಟಡದ ಸೆಕ್ರೆಟರಿ ಮೈಮೇಲೆ ಬಿದ್ದ.

“ಲಿಫ್ಟನ್ನಂತೂ ಅಲ್ಲ,” ಎಂದರು ದೊಡ್ಡಮ್ಮ. ಡಾಕ್ಟರ ಎದುರುಮನೆಯಲ್ಲಿ ಒಬ್ಬರೇ ಇದ್ದ ಈ ಹಿರಿಯಾಕೆಯನ್ನು ಕಟ್ಟಡವೆಲ್ಲ ಹಾಗೇ ಕರೆಯುತ್ತಿತ್ತು. “ನನ್ನ ಬಾಗಿಲಿಗೂ ಕಿಂಡಿ ಇದೆ ಕಣಪ್ಪ. ಒಂದು ಹೊಣೆ ಇಲ್ಲ, ಒಂದು ಜವಾಬ್ದಾರಿ ಇಲ್ಲ. ಥೂ! ಏನು ಕಾಲ ಬಂತೋ!”

ಹಲ್ಲು ಕಚ್ಚಿಕೊಂಡು ಅವನು ಬಾಗಿಲನ್ನು ಮೀಟಿದ. ಅದು ಒಂದು ಗೇಣು ಸರಿಯಿತು. ತಲೆಯ ಮಟ್ಟದಲ್ಲಿ ಲಿಫ್ಟಿನ ನೆಲ. ಅದರ ಮೇಲೆ ಅವನು ಚೆನ್ನಾಗಿ ಬಲ್ಲ ಬಿಳಿ ಚಪ್ಪಲಿ. ಪಕ್ಕದಲ್ಲಿ ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಗಂಡಸಿನ ಬೂಟು. ಬೂಟಿನ ಮೇಲೆ ತೂಗಾಡುತ್ತಿದ್ದ ಕೆಂಪು ಗುಲಾಬಿಗಳ ಗೊಂಚಲು.

ಅವನ ನೆತ್ತಿಗೆ ಬೆಂಕಿ ಹತ್ತಿತು.

“ಯಾರೇ ಅದು?”

“ಹೇಳೋ ಹಾಗಿಲ್ಲ. ಮಾತು ಕೊಟ್ಟಿದೀನಿ,” ಎಂದಳು ಅವಳು ಮೇಲಿನಿಂದ.

“ಮಾತು ಬೇರೆ ಕೊಟ್ಟಿದೀಯಾ? ಹೂವು ಯಾತಕ್ಕೆ? ಎಷ್ಟು ದಿನದಿಂದ ನಡೀತಿದೆ ಇದು?”

“ಕೇಳಬಾರದು ಅಂತ ನೀನೇ ತಾನೇ ಹೇಳಿದ್ದು?”

“ಅವನ ಬಾಯಿಗೇನಾಗಿದೆ? ಲೇ ಬೂಟು! ಮಾತಾಡೋ!”

ಬೂಟು ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿಯಿತು. ಎಂಟು ತಿಂಗಳು ಅವನು ನುಂಗಿಕೊಂಡ ಪ್ರಶ್ನೆಗಳೆಲ್ಲ ಒಟ್ಟಿಗೇ ಗಂಟಲಿಗೆ ಬಂದವು. ಅವುಗಳನ್ನು ನೂಕಿಕೊಂಡು ಬೇರೆಯೇ ಮಾತು ಹೊರಬಿತ್ತು.

“ಷರತ್ತು ಹಾಳಾಗಿಹೋಗ್ಲಿ! ನಾನು ನಿನ್ನನ್ನ ಮದುವೆ ಆಗ್ತೀನಿ! ಇವರೆಲ್ಲರ ಮುಂದೇ ಹೇಳ್ತಿದೀನಿ, ಕೇಳಿಸ್ತಾ?”

ಮೂರನೆಯ ಮಹಡಿ ಚಪ್ಪಾಳೆ ತಟ್ಟಿತು. “ಹಾಗೆ ಬಾ ದಾರಿಗೆ,” ಎಂದು ದೊಡ್ಡಮ್ಮ ಕಣ್ಣೊರೆಸಿಕೊಂಡರು.

“ಮೊದಲು ಇಲ್ಲಿಂದ ಹೊರಗೆ ತೆಗಿ ಮಹರಾಯ,” ಎಂದಿತು ಬಿಳಿ ಚಪ್ಪಲಿ.

ಅವನು ತಾರಸಿಗೆ ಓಡಿ, ಮೋಟಾರಿನ ಚಕ್ರವನ್ನು ಯಾರದೋ ಕತ್ತು ಹಿಸುಕುವಂತೆ ತಿರುಗಿಸಿದ. ಲಿಫ್ಟು ಏದುಸಿರು ಬಿಡುತ್ತ ನಾಲ್ಕನೆಯ ಮಹಡಿಗೆ ಏರಿತು. ಅವನು ಕೆಳಗೆ ಧಾವಿಸಿ, ಅಷ್ಟರಲ್ಲಿ ಅಲ್ಲಿಗೆ ಹತ್ತಿಬಂದಿದ್ದವರನ್ನು ತಳ್ಳಿಕೊಂಡು ಬಾಗಿಲು ತೆಗೆದ.

ಹೂ ಹಿಡಿದು ಹೊರಬಂದವರಿಗೆ ಅರವತ್ತೈದಾದರೂ ಆಗಿತ್ತು. ಬಿಳಿ ಮೀಸೆ, ಬೆವರಿದ ಬೋಳುತಲೆ.

“ನೀವಾ!” ದೊಡ್ಡಮ್ಮ ಕಿರುಚಿದರು. “ಭಾನುವಾರ ಅಂತ ತಾನೇ ಮಾತು?”

ಕಟ್ಟಡವೆಲ್ಲ ದೊಡ್ಡಮ್ಮನ ಕಡೆ ತಿರುಗಿತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ತಡವಾಗಿತ್ತು.

“ತಡೆಯೋಕಾಗಲಿಲ್ಲ, ಬಂದುಬಿಟ್ಟೆ,” ಎಂದರು ಮುದುಕರು. “ಹನ್ನೊಂದು ವರ್ಷದಿಂದ ಕದ್ದುಮುಚ್ಚಿ ಬರ್ತಿದೀನಿ. ಈ ಹುಡುಗ ನೋಡು, ಎಂಟೇ ತಿಂಗಳಂತೆ, ಹತ್ತು ಜನರ ಮುಂದೆ ಕೂಗಿ ಹೇಳಿದ. ನನಗೂ ಧೈರ್ಯ ಬಂತು. ನಾವೂ ಮದುವೆ ಆಗೋಣ.”

ದೊಡ್ಡಮ್ಮನ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಗಾಯಿತು. ಆದರೆ ಅವರು ಹರಿಹಾಯ್ದದ್ದು ಮೆಕ್ಯಾನಿಕ್ ಮೇಲೆ.

“ಮನೆಹಾಳ! ಹನ್ನೊಂದು ವರ್ಷ ಸುಖವಾಗಿದ್ದೆ. ವಾರಕ್ಕೊಂದು ದಿನ ಬರೋರು, ಮಾತಾಡೋರು, ಹೋಗೋರು. ಹಿಂದೆ ಗಂಡ ಅನ್ನೋ ಒಬ್ಬರ ಬಟ್ಟೆ ಒಗೆದು, ಬೈಸಿಕೊಂಡು ನನಗೆ ಸಾಕಾಗಿತ್ತು. ಇವರ ತಲೆಗೆ ಮದುವೆ ತುಂಬಿದೆಯಲ್ಲೋ!” ಬಾಗಿಲು ದಢಾರೆಂದು ಬಡಿಯಿತು.

ಮೆಕ್ಯಾನಿಕ್ ಪೆಚ್ಚಾಗಿ ಡಾಕ್ಟರ ಕಡೆ ತಿರುಗಿದ. “ನನ್ನದು ತಪ್ಪಾಯ್ತು. ಆದ್ರೆ ಮದುವೆ ಮಾತು ನಿಜ...”

“ಬೂಟು ನೋಡಿಯೇ ಇಷ್ಟು ಕೂಗಾಡೋನು, ತಾಳಿ ಕಟ್ಟಿದ ಮೇಲೆ ಬಿಡ್ತೀಯಾ?” ಅವಳ ಕಣ್ಣುಗಳು ಕೆಂಪಾಗಿದ್ದವು. “ಷರತ್ತು ಹಾಕಿದೋನು ನೀನು. ಅದರಲ್ಲಿ ನೆಮ್ಮದಿಯಾಗಿದ್ದೋಳು ನಾನು. ನನಗೆ ಬೇಕಿದ್ದದ್ದು ನಿನ್ನ ಶನಿವಾರ ಮಾತ್ರ. ಈಗ ಅದೂ ಬೇಡ.”

ಎದುರಿನ ಬಾಗಿಲೂ ಬಡಿಯಿತು.

ಮುದುಕರು ಎರಡು ಮುಚ್ಚಿದ ಬಾಗಿಲುಗಳನ್ನೂ ನೋಡಿದರು, ಮೆಕ್ಯಾನಿಕ್‌ನನ್ನೂ ನೋಡಿದರು. ಅವರ ಮೀಸೆ ನಡುಗಿತು. “ನಿನ್ನ ಮಾತು ನಂಬಿ ನನ್ನ ಭಾನುವಾರ ಕಳಕೊಂಡೆನಲ್ಲಯ್ಯ!” ಎಂದು ಗುಲಾಬಿಗಳನ್ನು ಅವನ ಎದೆಗೆ ತುರುಕಿ, ದಡದಡ ಮೆಟ್ಟಿಲಿಳಿದು ಹೋದರು.

ಮುಳ್ಳು ಚುಚ್ಚಿತು. ಅವನು ಹೂವನ್ನು ಗೋಡೆಗೆ ಅಪ್ಪಳಿಸಲು ಕೈಯೆತ್ತಿದ.

ಸೆಕ್ರೆಟರಿ ಆ ಕೈ ಹಿಡಿದುಕೊಂಡ. “ಹೂವಿನ ವಿಷಯ ಆಮೇಲೆ ನೋಡೋಣ ಕಣಯ್ಯಾ. ಲಿಫ್ಟು ಯಾವಾಗ ಸರಿಹೋಗುತ್ತೆ, ಮೊದಲು ಅದನ್ನ ಹೇಳು.”