ಕೂತ ರೊಕ್ಕದ ಇಪ್ಪತ್ತೆಂಟು ದಿನ

ವೀಸಾ ಎಂಬುದೊಂದು ಇರುವ ತನಕ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಮನೆಯಲ್ಲಿ ಕೂಡುವ ಹೆಂಗಸಲ್ಲ. ಹನ್ನೊಂದು ದೇಶ ತಿರುಗಿದ್ದೇನೆ. ಪ್ರತಿ ದೇಶದ ಬಾಗಿಲಲ್ಲೂ ‘ನಿನ್ನ ಹತ್ತಿರ ಎಷ್ಟಿದೆ?’ ಎಂದು ಕೇಳಿದ್ದಾರೆ, ‘ಊಟ ಆಯ್ತೇನು?’ ಎಂದು ಒಬ್ಬರೂ ಕೇಳಿಲ್ಲ. ನನ್ನ ಪಾಲಿನ ಸಿಟ್ಟನ್ನು ನಾನು ನುಂಗಿಕೊಂಡೆ. ಆದರೆ ತಂಗಿಯ ಮಗಳಿಗೆ ಹೊರದೇಶದಲ್ಲಿ ಮಣ್ಣಿನ ವಿಜ್ಞಾನ ಓದಲು ಸೀಟು ಸಿಕ್ಕಾಗ ಆದದ್ದನ್ನು ನುಂಗಲಾರೆ. ದೇಶದ ಹೆಸರು ಬರೆಯುವುದಿಲ್ಲ. ಮುಂದೆ ನನಗೂ ಅಲ್ಲಿಗೆ ಹೋಗುವುದಿದೆ.

೧. ಲೆಕ್ಕಕ್ಕೆ ಬಾರದ ಆಸ್ತಿ

ತಂಗಿಯ ಗಂಡ ಭಾಲ್ಕಿಯಲ್ಲಿ ತೊಗರಿ ವ್ಯಾಪಾರಿ. ಮಗಳನ್ನೂ ನನ್ನನ್ನೂ ಕರೆದುಕೊಂಡು ಬೀದರಿನ ನೌಬಾದಕ್ಕೆ, ವೀಸಾ ಕಾಗದ ಮಾಡಿಕೊಡುವ ಏಜೆಂಟನ ಹತ್ತಿರ ಬಂದ. ಬಗಲಲ್ಲಿ ಕೈಚೀಲ, ಅದರೊಳಗೆ ಹೊಲದ ಪಹಣಿ, ಅಂಗಡಿಯ ಲೈಸನ್ಸು, ಮನೆಯ ಕಾಗದ, ಹೆಂಡತಿಯ ಬಂಗಾರದ ರಸೀದಿ. ಏಜೆಂಟ ಒಂದೊಂದಾಗಿ ವಾಪಸ್ ಸರಿಸಿದ.

“ಹೊಲ ನಡೆಂಗಿಲ್ರಿ. ಅಂಗಡಿ ನಡೆಂಗಿಲ್ರಿ. ಬಂಗಾರನೂ ನಡೆಂಗಿಲ್ರಿ. ಇಪ್ಪತ್ತೆರಡು ಲಕ್ಷ ಬ್ಯಾಂಕಿನ್ಯಾಗ ಇರಬೇಕು. ಇಪ್ಪತ್ತೆಂಟು ದಿನ ಸುಮ್ನ ಕೂಡಬೇಕು. ಒಂದು ರೂಪಾಯಿನೂ ಕಡಿಮಿ ಆಗಬಾರದು.”

ಹದಿನಾಲ್ಕು ಲಕ್ಷ ತನ್ನದು, ಎಂಟು ಲಕ್ಷ ಔರಾದಿನಲ್ಲಿರುವ ತಾಯಿಯ ಖಾತೆಯದು. ರೊಕ್ಕದ ಚಿಂತೆ ಅವನಿಗಿರಲಿಲ್ಲ. ಆದರೆ ಮೂವತ್ತು ವರ್ಷದ ವ್ಯಾಪಾರದಲ್ಲಿ ಅವನ ರೊಕ್ಕ ಒಂದು ವಾರವೂ ಒಂದೇ ಕಡೆ ನಿಂತದ್ದಿಲ್ಲ.

“ಇಪ್ಪತ್ತೆಂಟು ದಿನ ಸುಮ್ನ ಕೂಡ್ಲಿಕ್ಕಿ ಅದೇನು ಬಾಣಂತಿ ಏನ್ರಿ?” ಎಂದ.

೨. ತೊಗರಿ ಏರಿದ ವಾರ

ಹತ್ತೊಂಬತ್ತು ದಿನ ರೊಕ್ಕ ಕೂತಿತು. ಇಪ್ಪತ್ತನೆಯ ದಿನ, ಶುಕ್ರವಾರ, ತೊಗರಿ ಏರುವ ಸುದ್ದಿ ಬಂತು. ಯಾರಿಗೂ ಹೇಳದೆ ಆರು ಲಕ್ಷ ತೆಗೆದ, ಮಾಲು ಹಿಡಿದ, ಮಾರಿದ, ಸೋಮವಾರ ಆರು ಲಕ್ಷ ತಿರುಗಿ ಕಟ್ಟಿದ. ಲಾಭದ ಮೂವತ್ತು ಸಾವಿರ ಜೇಬಿಗೆ. ಪೇಢೆ ಡಬ್ಬಿ ಹಿಡಿದುಕೊಂಡು ಏಜೆಂಟನಿಗೆ ತಾನೇ ಹೇಳಲು ಹೋದ.

“ಮೂರು ದಿನ ಕಡಿಮಿ ಇತ್ತಲ್ರಿ. ಮತ್ತ ಒಂದರಿಂದ ಎಣಸಬೇಕು,” ಎಂದ ಏಜೆಂಟ.

“ಕಡಿಮಿ ಎಲ್ಲದರಿ? ರೊಕ್ಕ ಹೋಗಿ ಮರಿ ಹಾಕ್ಕೊಂಡು ಬಂದದ! ಅವರಿಗಿ ಖುಷಿ ಆಗಬೇಕು!”

ಹುಡುಗಿ ಅತ್ತಳು. ಹೊಸ ಇಪ್ಪತ್ತೆಂಟು ದಿನ ಮುಗಿಯುವಾಗ ಕಾಲೇಜು ಸೇರುವ ಕೊನೆಯ ದಿನಕ್ಕೆ ಉಳಿಯುವುದು ಮೂರೇ ವಾರ. ವೀಸಾಕ್ಕೇ ಮೂರು ವಾರ ಬೇಕು. ಇನ್ನೊಂದು ಸಲ ತಪ್ಪಿದರೆ ಸೀಟು ಹೋದಂತೆ. ತಂಗಿ ತನ್ನ ಗಂಡನ ಚೆಕ್‌ಬುಕ್ಕು, ಕಾರ್ಡು ಎರಡನ್ನೂ ಜೋಳದ ಡಬ್ಬಿಯಲ್ಲಿ ಹೂತಿಟ್ಟಳು. ಅವನು ನನ್ನ ಹತ್ತಿರ ದೂರು ತಂದ.

“ಅಕ್ಕೋರ, ನೀವು ದೇಶ ತಿರಗಿದವ್ರು. ರೊಕ್ಕ ಕೂಡಸಿ ಅದರ ಮಾರಿ ನೋಡ್ಕೋತ ಕೂಡೋ ದೇಶ ಎಷ್ಟು ದಿನ ಬಾಳ್ತದ್ರಿ? ಜಲ್ದಿ ಓದು ಮುಗಿಸ್ಕೊಂಡು ಬಾ ಅಂತ ಪೋರಿಗಿ ಹೇಳ್ರಿ, ಅದು ದಿವಾಳಿ ಆಗೋದ್ರಾಗ.”

೩. ಸ್ಟಾಂಪ್ ಪೇಪರಿನ ಪ್ರೀತಿ

ಎಂಟು ಲಕ್ಷ ಕೊಡುವ ಅಜ್ಜಿಯನ್ನು ಎಲ್ಲರೂ ಆಯಿ ಎನ್ನುತ್ತೇವೆ. ಕೊಡುವುದು ಸಾಲದು, ಯಾಕೆ ಕೊಡುತ್ತೀಯೆಂದು ನೋಟರಿಯ ಮುಂದೆ ಬರೆದೂ ಕೊಡಬೇಕಂತೆ! ಮೊಮ್ಮಗಳಿಗೆ ಅಜ್ಜಿ ಯಾಕೆ ಕೊಡುತ್ತಾಳೆಂದು ಕೇಳುವ ಜನಕ್ಕೆ ಅಜ್ಜಿಯರೇ ಇರಲಿಲ್ಲವೇನೋ. ನಾನೂ ಆಯಿಯೂ ಔರಾದಿನ ನೋಟರಿಯ ಹತ್ತಿರ ಕೂತೆವು. ಅವನು ಓದಿದ: “ಮೊಮ್ಮಗಳ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾವ ಪ್ರತಿಫಲವನ್ನೂ ಬಯಸದೆ...”

“ನಿಲ್ಲು,” ಎಂದಳು ಆಯಿ. “ಪ್ರೀತಿ ಅದ ಅಂತ ಯಾರಂದ್ರು? ದೀಪಾವಳಿಗಿ ಬಂದು ಹೋದಾಕಿ ಇನ್ನಾ ಮಾರಿ ತೋರ್ಸಿಲ್ಲ. ಓದ್ಲಿ ಅಂತ ಕೊಡ್ಲತ್ತೀನಿ. ಹಂಗೇ ಬರಿ.”

“ಅಮ್ಮಾ, ಪ್ರೀತಿ ಇಲ್ದ ರೊಕ್ಕ ನಡೆಂಗಿಲ್ರಿ.”

“ಸುಳ್ಳ ಕಾಗದಕ್ಕ ನಾ ಸಹಿ ಹಾಕಂಗಿಲ್ಲ.”

ಹುಡುಗಿಯನ್ನು ಭಾಲ್ಕಿಯಿಂದ ಬಸ್ ಹತ್ತಿಸಿ ಕರೆಸಿದೆ. ಬಂದವಳು ಅಜ್ಜಿಯ ತಲೆಗೆ ಎಣ್ಣೆ ಹಚ್ಚಿದಳು, ರೊಟ್ಟಿ ಬಡಿದಳು, ಎರಡು ದಿನ ಬೈಸಿಕೊಂಡಳು. ಮೂರನೆಯ ದಿನ ಆಯಿ ನೋಟರಿಗೆ ಅಪ್ಪಣೆ ಕೊಟ್ಟಳು.

“ಪ್ರೀತಿ ಅಂತ ಬರಿ. ವಿಶ್ವಾಸ ಹೊಡದ ಹಾಕು, ಅದನ್ನ ಆಕಿ ಅಲ್ಲಿ ಹೋಗಿ ಫೋನ್ ಮಾಡ್ತಾಳೋ ಇಲ್ಲೋ ನೋಡಿ ಹೇಳ್ತೀನಿ.”

೪. ಪೂರ್ತಿ ಇದೆ ಎಂಬ ಸರ್ಟಿಫಿಕೇಟು

ಇಪ್ಪತ್ತೆಂಟು ದಿನ ಅಂತೂ ಮುಗಿದವು. ಭಾಲ್ಕಿಯ ಬ್ಯಾಂಕಿಗೆ ನಾನೇ ಹೋದೆ, ತಂಗಿಯ ಗಂಡನನ್ನೂ ಎಳೆದುಕೊಂಡು. ಅವನ ಖಾತೆಯಲ್ಲಿ ಹದಿನಾಲ್ಕು ಲಕ್ಷ, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಮ್ಯಾನೇಜರ್ ಪೂರ್ತಿ ಇದೆಯೆಂದು ಸರ್ಟಿಫಿಕೇಟು ಕೊಟ್ಟ, ಸಿಕ್ಕೆ ಹೊಡೆದ. ಅಷ್ಟರಲ್ಲಿ ತಂಗಿಯ ಗಂಡನ ಮೊಬೈಲು ಗುಂಯ್ ಎಂದಿತು. ಸರ್ಟಿಫಿಕೇಟಿನ ಫೀಸು ನೂರಾ ಹದಿನೆಂಟು ರೂಪಾಯಿ ಅದೇ ಖಾತೆಯಿಂದ ಕಡಿತವಾಗಿತ್ತು!

“ಏನ್ರಿ ಇದು? ಪೂರ್ತಿ ಅದ ಅಂತ ಬರದು ಕೊಟ್ಟು, ನೀವೇ ಕಡಿಮಿ ಮಾಡ್ತೀರೇನು?” ಎಂದೆ.

“ಸಿಸ್ಟಮ್ ತಾನೇ ಕಟ್ ಮಾಡ್ತದ್ರಿ ಮೇಡಂ.”

“ಹಂಗಾರ ಸಿಸ್ಟಮ್ಮಿಗಿ ಸಹಿ ಮಾಡ್ಲಿಕ್ಕಿ ಹೇಳ್ರಿ, ನೀವ್ಯಾಕ ಕೂತೀರಿ?”

ನನ್ನ ಗಂಟಲಿಗೆ ಇಡೀ ಬ್ಯಾಂಕು ಎದ್ದು ನಿಂತಿತು. ದಿನದ ಕೊನೆಗೆ ಪೂರ್ತಿ ಇದ್ದರೆ ನಡೆಯುತ್ತದೆಂದು ಏಜೆಂಟ ಫೋನಿನಲ್ಲಿ ಹೇಳಿದ ಮೇಲೆ ನನ್ನ ಪರ್ಸಿನಿಂದಲೇ ಐನೂರು ಕಟ್ಟಿದೆ. ಮ್ಯಾನೇಜರನ ಮುಖ ಅರಳಿತು.

“ಈಗ ಪೂರ್ತಿ ಆಯ್ತಲ್ರಿ ಮೇಡಂ! ಬೇಕಾದ್ರ ಇನ್ನೊಂದು ಸರ್ಟಿಫಿಕೇಟ್ ತಗೋರಿ. ನೂರಾ ಹದಿನೆಂಟೇ.”

೫. ದಿಲ್ಲಿಯ ಕಳ್ಳ

ವೀಸಾ ಆಫೀಸಿಗೆ ಕಾಗದ ಹೋದವು. ಎರಡು ವಾರದ ಮೇಲೆ ಆಯಿ ನನಗೆ ಫೋನ್ ಮಾಡಿದಳು, ದನಿಯಲ್ಲಿ ಭಾರೀ ಹೆಮ್ಮೆ.

“ಇವತ್ತೊಬ್ಬ ಕಳ್ಳಗ ಬುದ್ಧಿ ಕಲಿಸ್ದೆ. ದಿಲ್ಲಿಂದ ಅಂತ. ಬ್ಯಾಂಕಿನ್ಯಾಗ ಎಷ್ಟದ, ಮೊಮ್ಮಗಳ ಹೆಸರೇನು ಅಂತ ಕೇಳ್ಲತ್ತಿದ್ದ. ದಿನಾ ಫೋನಿನ್ಯಾಗ ಸರಕಾರದವ್ರು ಬಡ್ಕೋತಾರಲ್ಲ, ಯಾರಿಗೂ ಹೇಳಬ್ಯಾಡ್ರಿ ಅಂತ. ನಾ ಅಂದೆ, ನನಗ ರೊಕ್ಕಾನೂ ಇಲ್ಲ, ಮೊಮ್ಮಗಳೂ ಇಲ್ಲ, ಇನ್ನೊಮ್ಮಿ ಫೋನ್ ಹಚ್ಚಿದ್ರ ಪೊಲೀಸರಿಗಿ ಕೊಡ್ತೀನಿ ಅಂದೆ!”

ಅದು ವೀಸಾ ಆಫೀಸಿನ ಫೋನು. ಸುದ್ದಿ ಕೇಳಿ ಹುಡುಗಿ ಗೋಡೆಗೆ ಒರಗಿ ಕೂತವಳು ಏಳಲೇ ಇಲ್ಲ. ಸೀಟಿಗೆ ಉಳಿದದ್ದು ಏಳು ದಿನ.

ನನಗೆ ಮೈಯೆಲ್ಲಾ ಉರಿಯಿತು, ಆಯಿಯ ಮೇಲಲ್ಲ. ಆ ದೇಶದವರು ಬಂದು ನಮ್ಮ ಬೀದರಿನ ಕೋಟೆ ನೋಡಿ ಹೋಗುತ್ತಾರೆ. ಎಂದಾದರೂ ನಾವು ಅವರ ಅಜ್ಜಿಗೆ ಫೋನ್ ಮಾಡಿ ಗಂಟಿನ ಲೆಕ್ಕ ಕೇಳಿದ್ದೇವೆಯೇ? ಆ ಸಿಟ್ಟಿನಲ್ಲೇ ವೀಸಾ ಆಫೀಸಿಗೆ ಈಮೇಲ್ ಬರೆದೆ: ‘ಹೇಳದೆ ಕೇಳದೆ ಫೋನ್ ಮಾಡಿ ರೊಕ್ಕ ಎಷ್ಟಿದೆ ಎನ್ನುವವರಿಗೆ ನಮ್ಮೂರಲ್ಲಿ ಇದೇ ಉತ್ತರ. ದಿನ, ಹೊತ್ತು ತಿಳಿಸಿ ಮಾಡಿ.’ ಮರುದಿನವೇ ಹೊತ್ತು ತಿಳಿಸಿದರು.

ಆಯಿಯ ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ಹುಡುಗಿ. ಫೋನು ಸ್ಪೀಕರಿನಲ್ಲಿ. ವೀಸಾ ಆಫೀಸಿನವನು ಹಿಂದಿಯಲ್ಲಿ ಕೇಳಿದ, ಆಯಿ ನಮ್ಮ ಬೀದರಿನ ಉರ್ದುವಿನಲ್ಲಿ ಹೇಳಿದಳು. ಮೊಮ್ಮಗಳು ಇದ್ದಾಳೆ. ರೊಕ್ಕ ಇದೆ. ತಿರುಗಿ ಕೇಳುವುದಿಲ್ಲ. ಎಲ್ಲ ಹೇಳಿಕೊಟ್ಟ ಹಾಗೆಯೇ. ಆಮೇಲೆ ನಾವು ಉತ್ತರ ಹೇಳಿಕೊಡದ ಪ್ರಶ್ನೆ ಬಂತು: “ಓದು ಮುಗಿದ ಮೇಲೆ ಹುಡುಗಿ ವಾಪಸ್ ಬರುತ್ತಾಳೆಂದು ಹೇಗೆ ನಂಬುವುದು?” ಹುಡುಗಿ ನನ್ನ ಕೈ ಗಟ್ಟಿ ಹಿಡಿದಳು. ಮೂರನೆಯ ದಿನ ವೀಸಾ ಬಂದದ್ದು ನಾವು ಕೊಟ್ಟ ಯಾವ ಕಾಗದದಿಂದಲೂ ಅಲ್ಲ, ಆಯಿ ಆಗ ಕೊಟ್ಟ ಉತ್ತರದಿಂದ ಎಂದು ನಾನು ಇವತ್ತಿಗೂ ನಂಬಿದ್ದೇನೆ.

“ಯಾಕ ಬರಂಗಿಲ್ರಿ? ಆ ದೇಶ ಅಷ್ಟು ಛಲೋ ಇದ್ದಿದ್ರ ನೀವೇ ಅಲ್ಲಿ ಇರ್ತಿದ್ರಿ. ದಿಲ್ಲ್ಯಾಗ ಕೂತು ಔರಾದಿನ ಮುದುಕಿಗಿ ಫೋನ್ ಯಾಕ ಹಚ್ಚತಿದ್ರಿ?”